ಅಂಧ ಮಕ್ಕಳಿಗೆ ಬಿಳಿ ಕೋಲು ಹಿಡಿದು ಒಬ್ಬರೇ ನಡೆಯುವುದನ್ನು ಹೇಗೆ ಕಲಿಸುತ್ತಾರೆ?

ಇಂದಿಗೂ ಕಲಿಸುವ ಮೂಲ ವಿಧಾನವನ್ನು 1944ರ ಸುಮಾರಿಗೆ ಅಮೆರಿಕದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ರೂಪಿಸಿದರು. ಎದೆಮಟ್ಟದ ಕೋಲನ್ನು ಹೊಕ್ಕುಳಿನ ನೇರಕ್ಕೆ ಹಿಡಿದು, ಭುಜಗಳಿಗಿಂತ ತುಸು ಅಗಲವಾಗಿ ಅತ್ತಿತ್ತ ಆಡಿಸಬೇಕು. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ ತಾಗಬೇಕು, ಬಲಗಾಲಿಟ್ಟಾಗ ಎಡಕ್ಕೆ. ಹೀಗೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ನೋಡಿರುತ್ತದೆ. ತಲೆಮಟ್ಟಕ್ಕೆ ಚಾಚಿದ ಕೊಂಬೆ, ನಿಂತ ಲಾರಿಯ ಹಿಂಬದಿ ಅದಕ್ಕೆ ಸಿಗುವುದಿಲ್ಲವಾದ್ದರಿಂದ, ಮುಖದ ಮುಂದೆ ತೋಳು ಅಡ್ಡ ಹಿಡಿಯುವುದನ್ನೂ ಕಲಿಸಲೇಬೇಕು. ಮಗು ತಡವರಿಸಿದೊಡನೆ ಕೈಹಿಡಿದು ಎಳೆಯುವುದು, ಎಷ್ಟೇ ಪ್ರೀತಿಯಿಂದ ಮಾಡಿದರೂ, ತಪ್ಪೆಂದೇ ನನ್ನ ಅಭಿಪ್ರಾಯ. ವಾಹನದಟ್ಟಣೆಯ ರಸ್ತೆ ದಾಟುವ ಪಾಠ ಕೊನೆಗೆ ಬರುತ್ತದೆ: ಸಿಗ್ನಲ್ ಇರುವಲ್ಲಿ, ತಾನು ಹೋಗುವ ದಿಕ್ಕಿಗೇ ಪಕ್ಕದ ವಾಹನಗಳು ಹೊರಡುವ ಸದ್ದನ್ನು ಕೇಳಿ ಗುರುತಿಸಲು ವಾರಗಟ್ಟಲೆ ಅಭ್ಯಾಸ ಬೇಕಾಗುತ್ತದೆ.