ದಿವಾಳಿ ಅರ್ಜಿ ಹಾಕಿದ ಮೇಲೂ ಒಂದು ಕ್ರೆಡಿಟ್ ಕಾರ್ಡ್ ಉಳಿಸಿಕೊಳ್ಳಬಹುದಾ?

ಮಂಡ್ಯದಲ್ಲಿ ಅಂಗಡಿ ಮುಚ್ಚಿದೆ, ಮೂರು ಕಾರ್ಡ್‌ಗಳಲ್ಲಿ ಸಾಲವಿದೆ, ಒಂದನ್ನಾದರೂ ಕಷ್ಟಕಾಲಕ್ಕೆ ಇಟ್ಟುಕೊಳ್ಳಬಹುದಾ ಎಂದು ಕೇಳಿದ್ದೀರಿ. ಆ ಆಸೆ ಬಿಡುವುದೇ ಒಳ್ಳೆಯದು.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ ಜಾರಿಗೆ ಬಂದಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಿಮ್ಮಂಥವರಿಗೆ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ದಾರಿ. ಅರ್ಜಿ ಹೋಗುವುದು ಜಿಲ್ಲೆಯ ಕೋರ್ಟ್‌ಗೆ. ಅದರಲ್ಲಿ ನಿಮಗೆ ಸಾಲ ಕೊಟ್ಟ ಎಲ್ಲರ ಹೆಸರು, ಬಾಕಿ ಮೊತ್ತ ಬರೆಯಲೇಬೇಕು. ಬಾಕಿ ಇರುವ ಒಂದು ಕಾರ್ಡನ್ನು ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ.

ಹಾಗಾದರೆ ಮೊದಲೇ ಒಂದು ಕಾರ್ಡ್ ಪೂರ್ತಿ ತೀರಿಸಿಬಿಟ್ಟರೆ? ಜಾಸ್ತಿ ಜನ ಎಡವುವುದು ಇಲ್ಲೇ. ಅರ್ಜಿಗೆ ಮೊದಲಿನ ಮೂರು ತಿಂಗಳಲ್ಲಿ ಒಬ್ಬರಿಗೆ ಮಾತ್ರ ಅನುಕೂಲವಾಗಲಿ ಎಂದು ಹಣ ಕೊಟ್ಟಿದ್ದರೆ ಕೋರ್ಟ್ ಅದನ್ನು ರದ್ದು ಮಾಡಬಹುದು. ಉಳಿದವರಿಗೂ ನಿಮ್ಮ ಹಣದಲ್ಲಿ ಪಾಲಿದೆ ಅಲ್ವಾ, ಈ ನಿಯಮ ನ್ಯಾಯವಾದದ್ದೇ.

ಬಾಕಿಯೇ ಇಲ್ಲದ ಕಾರ್ಡ್ ಇದ್ದರೂ ಅದನ್ನು ನಿಲ್ಲಿಸುವ ಹಕ್ಕು ಬ್ಯಾಂಕಿಗಿದೆ. ಬ್ಯಾಂಕ್ ನಿಲ್ಲಿಸದಿದ್ದರೂ ಉಜ್ಜಬೇಡಿ. ದಿವಾಳಿ ಎಂದು ಘೋಷಣೆಯಾದವರು, ಕೋರ್ಟ್‌ನಿಂದ ದಿವಾಳಿತನದ ಬಿಡುಗಡೆಯ ಆದೇಶ ಸಿಗುವ ತನಕ, ಆ ವಿಷಯ ತಿಳಿಸದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೆ ಅದು ಅಪರಾಧ. ಜೈಲೂ ಆಗಬಹುದು.

ಕಾರ್ಡ್‌ನಿಂದ ತಾನಾಗಿ ಕಟ್ ಆಗುತ್ತಿರುವ ಸೆಸ್ಕ್ ಕರೆಂಟ್ ಬಿಲ್, ಫೋನ್ ಬಿಲ್ಲನ್ನು ಈಗಲೇ ಡೆಬಿಟ್ ಕಾರ್ಡಿಗೋ ಯುಪಿಐಗೋ ಬದಲಿಸಿ. ಆ ಖಾತೆ ನಿಮಗೆ ಸಾಲ ಕೊಟ್ಟ ಬ್ಯಾಂಕಿನದಾಗಿರದಿದ್ದರೆ ಒಳ್ಳೆಯದು. ಅರ್ಜಿಗೆ ಮೊದಲು ವಕೀಲರಿಗೆ ಮೂರೂ ಕಾರ್ಡ್‌ಗಳ ಸ್ಟೇಟ್‌ಮೆಂಟ್ ತೋರಿಸಿ.