ದುಡ್ಡು ಬಂದಿತ್ತು, ಹುಡುಗನಿಗೆ ಗೊತ್ತಿರಲಿಲ್ಲ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಬಿಎಸ್ಸಿ ಎರಡನೇ ವರ್ಷದ ಹುಡುಗ. ಊರು ಕೊಪ್ಪಳ ಜಿಲ್ಲೆಯ ಹಳ್ಳಿ, ಓದು ಬಳ್ಳಾರಿಯಲ್ಲಿ. ಅಪ್ಪ ಹಮಾಲಿ, ಅವ್ವ ಹೊಲದ ಕೂಲಿಗೆ ಹೋಗುತ್ತಾಳೆ. ಒಂದೂವರೆ ತಿಂಗಳಿಂದ ಇವನು ಕ್ಲಾಸ್ ಬಿಟ್ಟು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ದಾರ ಕತ್ತರಿಸುತ್ತಾ ಕೂತಿದ್ದ. ಗೆಳೆಯನೊಬ್ಬ ಕೈ ಹಿಡಿದು ನನ್ನ ಹತ್ತಿರ ಎಳ್ಕೊಂಡು ಬಂದ.

"ಓದು ಬಿಡ್ತೀನ್ರಿ ಮೇಡಂ. ಅಪ್ಪನ ಮುಖ ನೋಡಾಕ ಆಗವಲ್ದು."

ಏನೋ ಪ್ರೀತಿಗೀತಿ ವಿಷಯ ಇರಬೇಕು ಅಂದುಕೊಂಡೆ. ತಪ್ಪು ನನ್ನದೇ. ಹಾಸ್ಟೆಲ್ ಸೀಟು ಸಿಗದೆ ರೂಮು ಮಾಡಿದ್ದ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಆಗ ತಿಂಗಳಿಗೆ 1,500ರಂತೆ 10 ತಿಂಗಳು, ಅಂದರೆ 15,000 ರೂಪಾಯಿ ಬರುತ್ತಿತ್ತಲ್ಲ, ಅದನ್ನೇ ನಂಬಿ "ಸ್ಕಾಲರ್‌ಶಿಪ್ ಬಂದಮೇಲೆ ತೀರಿಸೋಣ" ಅಂತ ಅಪ್ಪನಿಂದ 20,000 ಕೈಸಾಲ ಮಾಡಿಸಿದ್ದ. ನೂರಕ್ಕೆ 3 ರೂಪಾಯಿ ಬಡ್ಡಿ. ತಿಂಗಳಿಗೆ 600. ವರ್ಷ ಕಳೆದರೂ ದುಡ್ಡಿಲ್ಲ. ಅರ್ಜಿ ಏನಾಯ್ತು ಅಂತ ನೋಡೋಕೂ ಹೆದರಿಕೆ. ತಾನೇ ಅಪ್ಪನಿಗೆ ಸುಳ್ಳು ಹೇಳಿದ ಹಾಗಾಯ್ತು ಅಂತ ಕೊರಗುತ್ತಿದ್ದ. ಊರಿಗೆ ಹೋಗೋದೂ ಬಿಟ್ಟಿದ್ದ.

ಇಬ್ಬರೂ ಕೂತು ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ತೆಗೆದೆವು. ಹಣ ಪಾವತಿಯಾಗಿದೆ! ಆದರೆ ಅವನ ಪಾಸ್‌ಬುಕ್ಕಿನ ಖಾತೆಗಲ್ಲ. ಹಿಂದೆ ಸಿಮ್ ತಗೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಇನ್ನೊಂದು ಖಾತೆ ತೆರೆದಿದ್ದ, ಆಧಾರ್ ಅದಕ್ಕೇ ಜೋಡಣೆಯಾಗಿತ್ತು. ಸರ್ಕಾರದ ದುಡ್ಡು ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆಯೋ ಅಲ್ಲಿಗೇ ಹೋಗುತ್ತದೆ, ನೀವು ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ಟರೂ ಅಷ್ಟೇ. ಇದನ್ನು ಕಾಲೇಜಿನಲ್ಲಿ ಯಾರಾದರೂ ಮೊದಲ ದಿನವೇ ಹೇಳಬಾರದಾ?

ಹುಡುಗ ನಗಲಿಲ್ಲ. ಅತ್ತ. ದುಡ್ಡು ಸಿಕ್ಕಿತು ಅಂದಮಾತ್ರಕ್ಕೆ ನಾಚಿಕೆ ಹೋಗಲ್ಲ ಅಲ್ವಾ, ಹಾಗಾಗಿ ಆ ದಿನ ಜಾಸ್ತಿ ಹೊತ್ತು ಮಾತಾಡಿದ್ದು ಅಪ್ಪನ ಬಗ್ಗೆಯೇ.

ನಾನು ಹೇಳಿದ್ದು ಇಷ್ಟು. ಬ್ಯಾಂಕಿಗೆ ಹೋಗಿ, ನೀನು ದಿನಾ ಬಳಸುವ ಖಾತೆಗೆ ಆಧಾರ್ ಮ್ಯಾಪ್ ಮಾಡಿಸು. ಬಂದ 15,000ದಲ್ಲಿ ಮೊದಲು ಅಸಲು ಇಳಿಸು, ಮೊಬೈಲ್ ಆಮೇಲೆ. ಅರ್ಜಿ ಪ್ರತಿ ವರ್ಷ ಹಾಕಲೇಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಈಗಲೇ ಬರೆದಿಟ್ಟುಕೋ. ಹಾಸ್ಟೆಲ್‌ಗೂ ಮತ್ತೆ ಅರ್ಜಿ ಹಾಕು, ಸೀಟು ಸಿಕ್ಕರೆ ವಿದ್ಯಾಸಿರಿ ಸಿಗಲ್ಲ, ಆದರೆ ಊಟ ಮತ್ತು ರೂಮಿನ ಚಿಂತೆ ತಪ್ಪುತ್ತದೆ. ಮುಖ್ಯವಾಗಿ, ಸ್ಕಾಲರ್‌ಶಿಪ್ ತಡವಾಗಿ ಬರುವ ದುಡ್ಡು, ಜೂನ್ ತಿಂಗಳ ಫೀಸಿಗೆ ಅದನ್ನು ನಂಬಿ ಸಾಲ ಮಾಡಿಸಬೇಡ. ಫೀಸು ಕಂತಿನಲ್ಲಿ ಕಟ್ಟುತ್ತೇನೆ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಬರಿ. ಬಾಯಿಮಾತು ಬೇಡ.

ಅಪ್ಪನಿಗೆ ನನ್ನ ಎದುರೇ ಫೋನ್ ಮಾಡಿದ. ಅವರು ಎಲ್ಲಾ ಕೇಳಿ, "ಬ್ಯಾಂಕಿಗೆ ನಾನೂ ಬರಬೇಕೇನು?" ಅಂದರು.

ಈಗ ಭಾನುವಾರ ಮಾತ್ರ ಯೂನಿಟ್ಟಿಗೆ ಹೋಗುತ್ತಾನೆ. ಈ ವರ್ಷದ ದುಡ್ಡು ಇನ್ನೂ ಬಂದಿಲ್ಲ. ಹಾಜರಿ ಮಾತ್ರ ಶೇ. 75 ದಾಟಿದೆ.