ಎರಡು ತಂತ್ರಾಂಶ, ಎರಡು ಪಿ-ಮೌಲ್ಯ: ಪ್ರಬಂಧದಲ್ಲಿ ಯಾವುದನ್ನು ಬರೆಯಬೇಕು?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂ.ಫಾರ್ಮ್ ವಿದ್ಯಾರ್ಥಿನಿ. ಜೈವಿಕ ಸಮಾನತೆಯ (ಎರಡು ಮಾತ್ರೆಗಳ ಔಷಧ ದೇಹಕ್ಕೆ ಒಂದೇ ರೀತಿ ಸೇರುತ್ತದೆಯೇ ಎಂದು ನೋಡುವ) ಎರಡು ಅವಧಿಯ ಕ್ರಾಸ್‌ಓವರ್ (ಪ್ರತಿಯೊಬ್ಬರೂ ಎರಡೂ ಮಾತ್ರೆಗಳನ್ನು ಒಂದಾದ ಮೇಲೊಂದು ತೆಗೆದುಕೊಳ್ಳುವ) ಅಧ್ಯಯನವೊಂದರ ದತ್ತಾಂಶದಲ್ಲಿ 24 ಸ್ವಯಂಸೇವಕರಿದ್ದಾರೆ. 13 ಮಂದಿ ಪರೀಕ್ಷಾ ಮಾತ್ರೆಯನ್ನು ಮೊದಲು ತೆಗೆದುಕೊಂಡರು, 11 ಮಂದಿ ಮೂಲ ಮಾತ್ರೆಯನ್ನು. ನಮ್ಮ ಮಾರ್ಗದರ್ಶಕರು ಎಸ್‌ಎಎಸ್‌ನಲ್ಲಿ, ನಾನು ಆರ್‌ನಲ್ಲಿ ಅನೋವಾ (ಒಟ್ಟು ವ್ಯತ್ಯಾಸವನ್ನು ಅದರ ಮೂಲಗಳಿಗೆ ಹಂಚಿ ನೋಡುವ ವಿಶ್ಲೇಷಣೆ) ಮಾಡಿದಾಗ ಟ್ರೀಟ್‌ಮೆಂಟ್ (ಯಾವ ಮಾತ್ರೆ) ಸಾಲಿನ ಪಿ-ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಒಂದೇ ಬಂತು. ಪೀರಿಯಡ್ (ಮೊದಲ ಅಥವಾ ಎರಡನೇ ಅವಧಿ) ಮತ್ತು ಸೀಕ್ವೆನ್ಸ್ (ಯಾವ ಮಾತ್ರೆ ಮೊದಲು ಎಂಬ ಕ್ರಮ) ಸಾಲುಗಳು ಬೇರೆಯಾದವು. ತಪ್ಪು ಯಾರದು?

ಉತ್ತರ: ಲೆಕ್ಕದಲ್ಲಿ ಇಬ್ಬರದೂ ತಪ್ಪಿಲ್ಲ; ಎರಡು ತಂತ್ರಾಂಶಗಳಿಗೂ ನೀವು ಕೇಳಿದ ಪ್ರಶ್ನೆಯೇ ಬೇರೆ.

ಪೀರಿಯಡ್‌ನ ವ್ಯತ್ಯಾಸ ಸರಳವಾದದ್ದು. ಆರ್‌ನ ಅನೋವಾ ಪದಗಳನ್ನು ನೀವು ಬರೆದ ಕ್ರಮದಲ್ಲೇ ಒಂದೊಂದಾಗಿ ಸೇರಿಸುತ್ತಾ ಹೋಗುತ್ತದೆ (ಟೈಪ್ 1), ಎಸ್‌ಎಎಸ್‌ನ ಟೈಪ್ 3 ಪ್ರತಿಯೊಂದನ್ನೂ ಉಳಿದವುಗಳ ಪ್ರಭಾವ ಕಳೆದು ನೋಡುತ್ತದೆ. ಗುಂಪುಗಳು 12–12 ಆಗಿದ್ದರೆ ಎರಡೂ ಒಂದೇ ಬರುತ್ತಿದ್ದವು. ನೀವು ಟ್ರೀಟ್‌ಮೆಂಟನ್ನು ಕೊನೆಯಲ್ಲಿ ಬರೆದಿರಬೇಕು. ಆ ಸಾಲು ತಾಳೆಯಾದದ್ದು ಅದಕ್ಕೇ.

ಸೀಕ್ವೆನ್ಸ್‌ನದು ಇದಕ್ಕಿಂತ ಗಂಭೀರ ವಿಷಯ. ಒಬ್ಬ ಸ್ವಯಂಸೇವಕ ಒಂದೇ ಸೀಕ್ವೆನ್ಸ್‌ಗೆ ಸೇರಿರುವುದರಿಂದ ಅದನ್ನು ಸ್ವಯಂಸೇವಕರ ನಡುವಿನ ವ್ಯತ್ಯಾಸದಿಂದ ಭಾಗಿಸಬೇಕು. ಹಾಗೆ ಹೇಳದಿದ್ದರೆ ತಂತ್ರಾಂಶವು ರೆಸಿಡ್ಯುಯಲ್‌ನಿಂದ (ಒಬ್ಬರೊಳಗೇ ಉಳಿಯುವ ವ್ಯತ್ಯಾಸದಿಂದ) ಭಾಗಿಸುತ್ತದೆ. ಅದು ಸಾಮಾನ್ಯವಾಗಿ ಬಹಳ ಚಿಕ್ಕದಾಗಿರುವುದರಿಂದ ಎಫ್ (ಈ ಭಾಗಾಕಾರದ ಫಲ) ಉಬ್ಬಿ, ಇಲ್ಲದ ಪರಿಣಾಮ ಇದ್ದಂತೆ ಕಾಣುತ್ತದೆ. ಮಾರ್ಗದರ್ಶಕರ ಪ್ರೋಗ್ರಾಮಿನಲ್ಲಿ ಅದಕ್ಕೆಂದೇ ‘ಟೆಸ್ಟ್’ ಎಂಬ ಸಾಲು ಇರುತ್ತದೆ, ನೋಡಿ. ನಿಮ್ಮ ಕೋಷ್ಟಕದಲ್ಲಿ ಸೀಕ್ವೆನ್ಸ್, ಸ್ವಯಂಸೇವಕರು, ಪೀರಿಯಡ್, ಟ್ರೀಟ್‌ಮೆಂಟ್, ರೆಸಿಡ್ಯುಯಲ್ ಸಾಲುಗಳಿಗೆ ಡಿಗ್ರಿ ಆಫ್ ಫ್ರೀಡಂ (ಸ್ವತಂತ್ರ ಮಾಹಿತಿಯ ಎಣಿಕೆ) ಕ್ರಮವಾಗಿ 1, 22, 1, 1, 22 ಎಂದಿರುತ್ತದೆ. ಸರಿಯಾದ ಛೇದ, ತಪ್ಪು ಛೇದ ಎರಡಕ್ಕೂ 22 ಇರುವುದರಿಂದ ಕೋಷ್ಟಕ ನೋಡಿ ಈ ತಪ್ಪನ್ನು ಹಿಡಿಯಲಾಗುವುದಿಲ್ಲ. ಭಾಗಾಕಾರವನ್ನು ಕೈಯಲ್ಲೇ ಮಾಡಿ ನೋಡಬೇಕು. ರೆಸಿಡ್ಯುಯಲ್‌ನ ಡಿಗ್ರಿ ಆಫ್ ಫ್ರೀಡಂ 40 ದಾಟಿದ್ದರೆ ಮಾತ್ರ ಬೇರೆ ಕಥೆ: ಸ್ವಯಂಸೇವಕರ ಕ್ರಮಸಂಖ್ಯೆಯನ್ನು ಆರ್ ಹೆಸರೆಂದು ತಿಳಿಯದೆ ಅಳತೆಯೆಂದು ತಿಳಿದಿದೆ, ಅದನ್ನು ಫ್ಯಾಕ್ಟರ್ ಮಾಡಿ.

ಎರಡು ಮಾತ್ರೆಗಳು ಸಮಾನವೇ ಎಂಬ ತೀರ್ಮಾನ ನಿಲ್ಲುವುದು ಪಿ-ಮೌಲ್ಯಗಳ ಮೇಲಲ್ಲ, ಲಾಗ್ ಅಳತೆಯಲ್ಲಿ ಕಂಡ ಪರೀಕ್ಷಾ–ಮೂಲ ಮಾತ್ರೆಗಳ ಅನುಪಾತದ ಶೇ 90ರ ವಿಶ್ವಾಸಾಂತರವು (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) ಶೇ 80.00ರಿಂದ 125.00ರೊಳಗೆ ಇದೆಯೇ ಎಂಬುದರ ಮೇಲೆ. ಅಲ್ಲಿಯೂ ಪೀರಿಯಡ್ ಅನ್ನು ಬಿಟ್ಟರೆ ಅಸಮ ಗುಂಪು ಕಾಡುತ್ತದೆ. ಉದಾಹರಣೆಗೆ, 13ರ ಗುಂಪಿನಲ್ಲಿ ಸರಾಸರಿ ಲಾಗ್ ವ್ಯತ್ಯಾಸ 0.10, 11ರ ಗುಂಪಿನಲ್ಲಿ –0.02 ಇದ್ದರೆ ಸರಿಯಾದ ಅಂದಾಜು ಎರಡರ ನಟ್ಟನಡುವಿನ 0.04, ಅಂದರೆ ಶೇ 104.08, ಎಲ್ಲರನ್ನೂ ಒಟ್ಟಿಗೆ ಸರಾಸರಿ ಮಾಡಿದರೆ 0.045, ಅಂದರೆ ಶೇ 104.60.

ಎರಡನೇ ಅವಧಿಗೆ ಬಾರದ ಸ್ವಯಂಸೇವಕರು ದತ್ತಾಂಶದಲ್ಲಿದ್ದರೆ ವಿಶ್ವಾಸಾಂತರವೇ ಬದಲಾಗಬಹುದು. ಸಬ್ಜೆಕ್ಟನ್ನು, ಅಂದರೆ ಸ್ವಯಂಸೇವಕರನ್ನು, ಸ್ಥಿರ ಪರಿಣಾಮವೆಂದು (ಪ್ರತಿಯೊಬ್ಬರಿಗೂ ತಮ್ಮದೇ ನಿಗದಿತ ಮಟ್ಟ) ಇಟ್ಟಾಗ ಅಂಥವರು ಹೋಲಿಕೆಗೆ ಏನೂ ಕೊಡುವುದಿಲ್ಲ, ಯಾದೃಚ್ಛಿಕವೆಂದು (ದೊಡ್ಡ ಸಮೂಹದಿಂದ ಬಂದ ಮಾದರಿ) ಇಟ್ಟಾಗ ಸ್ವಲ್ಪ ಕೊಡುತ್ತಾರೆ. ಯುರೋಪಿನ ಔಷಧ ಸಂಸ್ಥೆಯ 2010ರ ಮಾರ್ಗಸೂಚಿ ಸ್ಥಿರ ಪರಿಣಾಮವನ್ನೇ ಕೇಳಿತ್ತು. ನೀವು ಯಾವುದನ್ನು ಆರಿಸಿದಿರಿ ಎಂಬುದು ಫಲಿತಾಂಶ ನೋಡುವ ಮೊದಲೇ ಪ್ರೋಟೋಕಾಲಿನಲ್ಲಿ ಬರೆದಿರಬೇಕು.